ಬೋಯರ್ ಯುದ್ಧದ ಲಕೋಟೆ: ಕೊಳ್ಳುವ ಮುನ್ನ ಏನೇನು ನೋಡಬೇಕು

ದಕ್ಷಿಣ ಆಫ್ರಿಕಾದ ವಸಾಹತು ಕಾಲದ ಅಂಚೆಯನ್ನೆಲ್ಲ ಸಂಗ್ರಹಿಸಲು ಹೊರಟರೆ ಹಣವೂ ಸಾಲದು, ಆಯುಸ್ಸೂ ಸಾಲದು. 1853ರ ಕೇಪ್ ಆಫ್ ಗುಡ್ ಹೋಪ್ ವಸಾಹತಿನ ತ್ರಿಕೋನ ಸ್ಟಾಂಪುಗಳ ಬೆನ್ನು ಹತ್ತುವ ಬದಲು, 1899ರ ಅಕ್ಟೋಬರ್‌ನಿಂದ 1902ರ ಮೇವರೆಗೆ ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರಿಗೂ ನಡೆದ ಬೋಯರ್ ಯುದ್ಧದ ಲಕೋಟೆಗಳಿಂದ ಶುರುಮಾಡಿ. ಸಿಪಾಯಿಗಳು ಮನೆಗೆ ಬರೆದ ಕಾಗದಗಳು ಸಾಕಷ್ಟು ಉಳಿದಿವೆ, ಬೆಲೆಯೂ ಕೈಗೆಟುಕುತ್ತದೆ.

ಸ್ಟಾಂಪನ್ನು ನೀರಿಗೆ ಹಾಕಿ ಬಿಡಿಸಲೇಬೇಡಿ. ಅಂಚೆ ಇತಿಹಾಸದಲ್ಲಿ ಬೆಲೆ ಇರುವುದು ಇಡೀ ಲಕೋಟೆಗೆ.

ಮೊದಲು ತಾರೀಖು ನೋಡಿ. ಬ್ರಿಟಿಷರು ಬೋಯರರ ಆರೆಂಜ್ ಫ್ರೀ ಸ್ಟೇಟ್ ಗಣರಾಜ್ಯದ ರಾಜಧಾನಿ ಬ್ಲೂಮ್‌ಫಾಂಟೇನ್ ಹಿಡಿದದ್ದು 1900ರ ಮಾರ್ಚ್ 13ರಂದು, ಬೋಯರರ ಇನ್ನೊಂದು ಗಣರಾಜ್ಯ ಟ್ರಾನ್ಸ್‌ವಾಲ್‌ನ ರಾಜಧಾನಿ ಪ್ರಿಟೋರಿಯಾ ಹಿಡಿದದ್ದು ಜೂನ್ 5ರಂದು. ಆರೆಂಜ್ ಫ್ರೀ ಸ್ಟೇಟ್‌ನ ಸ್ಟಾಂಪಿನ ಮೇಲೆ 'ವಿ.ಆರ್.ಐ.' (ರಾಣಿ ವಿಕ್ಟೋರಿಯಾಳ ಲ್ಯಾಟಿನ್ ಬಿರುದಿನ ಮೊದಲಕ್ಷರಗಳು) ಎಂಬ ಓವರ್‌ಪ್ರಿಂಟ್, ಅಂದರೆ ಬ್ರಿಟಿಷರು ಆಮೇಲೆ ಅಚ್ಚೊತ್ತಿದ ಅಕ್ಷರ, ಇದ್ದು, ಅಂಚೆ ಮುದ್ರೆಯ ತಾರೀಖು ಮಾರ್ಚ್ 13ಕ್ಕಿಂತ ಹಿಂದಿನದಾದರೆ ಅದು ಖೋಟಾ. ಆಮೇಲೆ ಹತ್ತು ಪಟ್ಟು ಹಿಗ್ಗಿಸುವ ಲೂಪ್ ಹಿಡಿದು, ಎರಡು ಶಾಯಿ ಒಂದರ ಮೇಲೊಂದು ಬಿದ್ದ ಜಾಗ ನೋಡಿ: ಮುದ್ರೆಯ ಶಾಯಿ ಮೇಲಿರಬೇಕು, ಓವರ್‌ಪ್ರಿಂಟ್ ಕೆಳಗಿರಬೇಕು. ಬಳಸಿದ ಅಗ್ಗದ ಸ್ಟಾಂಪಿಗೆ ಆಮೇಲೆ ಅಕ್ಷರ ಒತ್ತಿದ್ದರೆ ಈ ಕ್ರಮ ತಿರುಗುಮುರುಗಾಗುತ್ತದೆ.

ಬ್ರಿಟನ್ನಿನ ಸ್ಟಾಂಪಿನ ಮೇಲೆ ದಕ್ಷಿಣ ಆಫ್ರಿಕಾದ ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆ ಕಂಡರೆ ಗಾಬರಿ ಬೇಡ, ಸೇನಾ ಅಂಚೆಯಲ್ಲಿ ಅವೂ ಚಲಾವಣೆಯಲ್ಲಿದ್ದವು. ಲಕೋಟೆಯ ಹಿಂಬದಿಯಲ್ಲಿ ತಲುಪಿದ ಊರಿನ ಮುದ್ರೆ ಇದ್ದರೆ ಅದನ್ನು ಮರೆಯಬೇಡಿ. ಕೇಪ್‌ಟೌನ್‌ನಿಂದ ಸೌತಾಂಪ್ಟನ್‌ಗೆ ಅಂಚೆ ಹಡಗಿಗೆ ಸುಮಾರು ಎರಡೂವರೆ ವಾರ ಹಿಡಿಯುತ್ತಿತ್ತು. ಒಂದೇ ವಾರದಲ್ಲಿ ತಲುಪಿದ ಮುದ್ರೆ ಇದ್ದರೆ ಬಿಟ್ಟುಬಿಡಿ.

ಕನ್ನಡ ಸಂಗ್ರಾಹಕರು ವಿಶೇಷವಾಗಿ ಹುಡುಕಬೇಕಾದದ್ದು ಸೆರೆಯಾಳುಗಳ ಅಂಚೆ. ಸೆರೆಸಿಕ್ಕ ಬೋಯರರನ್ನು ಸೇಂಟ್ ಹೆಲೆನಾ, ಸಿಲೋನ್, ಬರ್ಮುಡಾಗಳ ಜೊತೆಗೆ ಭಾರತಕ್ಕೂ ಸಾಗಿಸಿದ್ದರು. ಇಲ್ಲಿನ ಶಿಬಿರಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಅಂಥ ಲಕೋಟೆಯಲ್ಲಿ ಊರಿನ ಅಂಚೆ ಮುದ್ರೆ, ಕಾಗದವನ್ನು ತಪಾಸಣೆ ಮಾಡಿದ್ದಕ್ಕೆ ಒತ್ತಿದ ಸೆನ್ಸಾರ್ ಗುರುತು, ಕೈಬರಹದ ವಿಳಾಸ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಸೆನ್ಸಾರ್ ಗುರುತೊಂದನ್ನೇ ನಂಬಿ ದುಡ್ಡು ಕೊಡಬೇಡಿ. ಸಾಮಾನ್ಯ ಲಕೋಟೆಯ ಮೇಲೆ ರಬ್ಬರ್ ಮೊಹರು ಒತ್ತಿ ಬೆಲೆ ಏರಿಸುವುದು ತೀರಾ ಸುಲಭ.

ಬೋಯರರು ಮುತ್ತಿಗೆ ಹಾಕಿದ್ದ ಮೇಫೆಕಿಂಗ್ ಊರಿನ ನೀಲಿ ಸ್ಟಾಂಪುಗಳು ಬ್ಲೂಪ್ರಿಂಟ್ ಕಾಗದದಲ್ಲಿ ಮೂಡಿಸಿದವು. ಅವಕ್ಕೆ ಬಿಸಿಲೂ ಆಗದು, ನೀರೂ ಆಗದು. ಖೋಟಾಗಳೂ ಬಹಳ, ಆದ್ದರಿಂದ ಪರಿಣತರ ಪ್ರಮಾಣಪತ್ರ ಇಲ್ಲದೆ ಕೊಳ್ಳಬೇಡಿ.

ಕೊಂಡದ್ದನ್ನು ಪಾಲಿಯೆಸ್ಟರ್ ಹೊದಿಕೆಯಲ್ಲಿಡಿ. ಪಿವಿಸಿ ಹಾಳೆಯಿಂದ ಎಣ್ಣೆಯಂಥ ಪದಾರ್ಥ ಜಿನುಗಿ ಕಾಗದಕ್ಕೆ ಅಂಟುತ್ತದೆ. ಕರಾವಳಿಯಲ್ಲಿರುವವರು ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು, ತೇವಾಂಶ ಶೇಕಡಾ 50ರ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಕಂದು ಕಲೆ ಏಳುತ್ತದೆ. ಹರಿದ ಅಂಚಿಗೆ ಸೆಲೋಟೇಪ್ ಹಚ್ಚಬೇಡಿ. ಕೊಂಡ ತಾರೀಖು, ಬೆಲೆ, ಮಾರಿದವರ ವಿವರಗಳನ್ನು ಲಕೋಟೆಯ ಮೇಲೆ ಬರೆಯದೆ, ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ.