ಉಣುಗಿನ ಹೊಟ್ಟೆ ಸೇರಿದರೆ ಸಾಲದು

ಉಣುಗು ಕಚ್ಚಿ ಹರಡುವ ಲೈಮ್ ರೋಗ ತರುವ ಬೊರೇಲಿಯಾ ಬ್ಯಾಕ್ಟೀರಿಯಾ ಉಣುಗಿನೊಳಗೆ ಹೇಗೆ ಬದುಕುತ್ತದೆ ಎಂದು ನೋಡುವುದು ಲ್ಯಾಬಿನಲ್ಲಿ ನನ್ನ ಕೆಲಸ. ಅದಕ್ಕೆ ಸೋಂಕಿರುವ ಉಣುಗು ಬೇಕು. ಈ ಬ್ಯಾಕ್ಟೀರಿಯಾ ತಾಯಿ ಉಣುಗಿನಿಂದ ಮೊಟ್ಟೆಗೆ ದಾಟುವುದಿಲ್ಲ. ಹಾಗಾಗಿ ಮೊಟ್ಟೆಯೊಡೆದು ಬಂದ ಮರಿಗಳಿಗೆ ಸೋಂಕು ನಾವೇ ಹತ್ತಿಸಬೇಕು.

ಸೋಂಕಿರುವ ಇಲಿಯ ರಕ್ತ ಕುಡಿಸುವುದು ಒಂದು ದಾರಿ. ನಾನು ಹಿಡಿದದ್ದು ಇನ್ನೊಂದು. ಬ್ಯಾಕ್ಟೀರಿಯಾ ಬೆಳೆಸಿದ ದ್ರವದಲ್ಲೇ ಮರಿಗಳನ್ನು ಮುಳುಗಿಸುವುದು. ಮೊದಲು ಕೆಲವು ದಿನ ತೇವ ಕಡಿಮೆಯಿರುವ ಡಬ್ಬಿಯಲ್ಲಿಟ್ಟು ಬಾಯಾರಿಸುತ್ತೇನೆ. ಆಮೇಲೆ ಚಿಕ್ಕ ಟ್ಯೂಬಿನಲ್ಲಿ ಮುಳುಗಿಸಿ, 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಕ್ಕಾಲು ಗಂಟೆ. ಅವು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಆಗಾಗ ಅಲುಗಾಡಿಸುತ್ತಿರಬೇಕು. ಪೆನ್ನಿನ ಚುಕ್ಕಿಯಷ್ಟು ಹುಳ ಅದು. ಬಿಳಿ ಟ್ರೇ, ಸುತ್ತ ಎರಡೂ ಬದಿ ಅಂಟುವ ಟೇಪು, ಮುಂಚೆ ಒಂದು ಸಲ ಎಣಿಕೆ, ಆಮೇಲೆ ಒಂದು ಸಲ. ಒಂದು ಕಡಿಮೆ ಬಂತು ಅಂದರೆ ಅವತ್ತಿನ ಬೇರೆ ಕೆಲಸವೆಲ್ಲ ಬಂದ್.

ಮೊದಲ ಸಲ ಮರಿಗಳನ್ನು ತೊಳೆದು ಅವತ್ತೇ ಬ್ಯಾಕ್ಟೀರಿಯಾದ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿದೆ. ಎಲ್ಲವೂ ಪಾಸಿಟಿವ್! ಜಾಸ್ತಿಯೇ ಹಿಗ್ಗಿದೆ. ಉಳಿದವನ್ನು ಸೋಂಕಿಲ್ಲದ ಇಲಿಯ ಮೇಲೆ ಬಿಟ್ಟೆ. ಹೊಟ್ಟೆ ತುಂಬಿ ಉದುರಿದವು, ಕೆಲವು ವಾರಕ್ಕೆ ಪೊರೆ ಬಿಟ್ಟು ನಿಂಫ್ (ಮರಿಯ ಮುಂದಿನ ಹಂತ) ಆದವು. ಮತ್ತೆ ಪರೀಕ್ಷಿಸಿದರೆ ಬಹುಪಾಲು ಖಾಲಿ.

ಒಂದು ತಪ್ಪು ಬೇಗ ಸಿಕ್ಕಿತು. ಮೈಗೆ ಅಂಟಿದ ಬ್ಯಾಕ್ಟೀರಿಯಾದ ಡಿಎನ್ಎ, ಆಗಷ್ಟೇ ನುಂಗಿದ್ದು, ಎಲ್ಲವನ್ನೂ ಪಿಸಿಆರ್ ಎಣಿಸುತ್ತದೆ. ಅದನ್ನು ಸೋಂಕು ಅನ್ನುವುದು ಸುಮ್ನೆ ನಮ್ಮ ಸಮಾಧಾನಕ್ಕೆ.

ಇನ್ನೊಂದು ತಪ್ಪು ಹುಡುಕಲು ತಿಂಗಳುಗಳೇ ಹಿಡಿದವು. ಮೈಕ್ರೋಸ್ಕೋಪಿನಲ್ಲಿ ನನ್ನ ಬೊರೇಲಿಯಾಗಳು ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತುತ್ತಾ ಚೆನ್ನಾಗಿಯೇ ಈಜುತ್ತಿದ್ದವು. ಆದರೆ ನಾನು ಅವನ್ನು ಒಂದು ಬಾಟಲಿಯಿಂದ ಇನ್ನೊಂದಕ್ಕೆ ಎಷ್ಟೋ ಸಲ ದಾಟಿಸಿದ್ದೆ. ಬೊರೇಲಿಯಾದ ಎಷ್ಟೋ ಜೀನುಗಳು ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್ಎ ತುಂಡುಗಳಲ್ಲಿ ಇರುತ್ತವೆ. ಒಂದೊಂದು ಕೋಶದಲ್ಲಿ ಇಪ್ಪತ್ತರ ಆಸುಪಾಸು. ಬಾಟಲಿಯಲ್ಲಿ ಊಟ ಕಾಲಕಾಲಕ್ಕೆ ಸಿಗುತ್ತದೆ, ಹಾಗಾಗಿ ಎಲ್‌ಪಿ25 ಎಂಬ ಪ್ಲಾಸ್ಮಿಡ್ ಕಳೆದುಹೋದರೂ ಅವಕ್ಕೆ ಏನೂ ಆಗುವುದಿಲ್ಲ. ಉಣುಗಿನೊಳಗೆ ಮಾತ್ರ ಅದಿಲ್ಲದೆ ಬಾಳುವುದಿಲ್ಲ. ಈಜುವ ಚಂದ ನೋಡಿ ಮೋಸ ಹೋಗಿದ್ದೆ. ಈಗ ಮೈನಸ್ 80ರ ಫ್ರೀಜರಿನಿಂದ ಪ್ರತಿ ಸಲ ಹೊಸ ಟ್ಯೂಬ್ ತೆಗೆಯುತ್ತೇನೆ, ಮುಳುಗಿಸುವ ಮೊದಲು ಪ್ಲಾಸ್ಮಿಡ್ ಇದೆಯೇ ನೋಡುತ್ತೇನೆ, ನಿಂಫ್ ಆದ ಮೇಲಷ್ಟೇ ಸೋಂಕು ಎಣಿಸುತ್ತೇನೆ.

ನೆಲೆ ಸಿಕ್ಕ ಬ್ಯಾಕ್ಟೀರಿಯಾಕ್ಕೆ ಉಣುಗಿನ ಕರುಳು ಕೆಟ್ಟ ಜಾಗವೇನಲ್ಲ. ಉಣುಗು ರಕ್ತವನ್ನು ಜೀರ್ಣಿಸುವುದು ಕರುಳಿನ ಕೋಶಗಳ ಒಳಗೆ. ಹಾಗಾಗಿ ಕರುಳಿನ ಪೊಳ್ಳಿನಲ್ಲಿ ಜೀರ್ಣರಸದ ಕಾಟ ಕಡಿಮೆ. ಬೊರೇಲಿಯಾ ತನ್ನ ಮೈಮೇಲಿನ ಆಸ್ಪ್‌-ಎ ಪ್ರೋಟೀನಿನಿಂದ ಕರುಳಿನ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ನಿಂಫ್ ಮತ್ತೆ ಬಿಸಿರಕ್ತ ಹೀರಲು ಶುರು ಮಾಡಿದಾಗ ಆ ಹಿಡಿತ ಸಡಿಲಿಸಿ, ಆಸ್ಪ್‌-ಸಿ ಎಂಬ ಬೇರೆ ಪ್ರೋಟೀನ್ ತೊಡುತ್ತದೆ. ಆಮೇಲೆ ಕರುಳು ದಾಟಿ ಜೊಲ್ಲು ಗ್ರಂಥಿಯ ಕಡೆ ಹೊರಡುತ್ತದೆ. ಕಚ್ಚಿದ ತಕ್ಷಣವೇ ರೋಗ ದಾಟದೆ, ಸಾಮಾನ್ಯವಾಗಿ ಒಂದೂವರೆ ದಿನವಾದರೂ ಬೇಕಾಗುವುದು ಈ ಪ್ರಯಾಣಕ್ಕೇ.

ಇದನ್ನು ಕಣ್ಣಾರೆ ನೋಡಬೇಕೆಂದು ರಕ್ತ ಕುಡಿಯುತ್ತಿದ್ದ ನಿಂಫ್‌ಗಳನ್ನು ಬೇರೆ ಬೇರೆ ಗಂಟೆಗೆ ಕಿತ್ತು ಕೊಯ್ದೆ. ಬೊರೇಲಿಯಾಕ್ಕೆ ಅಂಟಿ ಹಸಿರಾಗಿ ಹೊಳೆಯುವ ಆಂಟಿಬಾಡಿ ಹಾಕಿದ್ದೆ. 24 ಗಂಟೆಗೆ ಕರುಳೆಲ್ಲ ಹಸಿರು ಎಳೆಗಳು, ದ್ರಾಕ್ಷಿ ಗೊಂಚಲಿನಂಥ ಜೊಲ್ಲು ಗ್ರಂಥಿ ಪೂರ್ತಿ ಕಪ್ಪು. 60 ಗಂಟೆಯದರಲ್ಲೂ ಗ್ರಂಥಿ ಕಪ್ಪೇ ಅನಿಸಿತು. ಅರ್ಧ ಗಂಟೆ ಫೋಕಸ್ ತಿರುಗಿಸುತ್ತಾ ಹುಡುಕಿದ ಮೇಲೆ ಅಂಚಿನ ಒಂದು ಗುಳ್ಳೆಯ ಪಕ್ಕದಲ್ಲಿ ಒಂದೇ ಒಂದು ಹಸಿರು ಸುರುಳಿ ಕಂಡಿತು.