ಸೂರ್ಯನ ಹಳೆಯ ಪ್ರಭೆಯನ್ನು ಲೆಕ್ಕ ಹಾಕಿದ ನನ್ನ ಅನುಭವ

ವಾಯುಗುಣದ ಅಧ್ಯಯನವೊಂದಕ್ಕಾಗಿ 1610ರಿಂದ ಈಚಿನ ಸೂರ್ಯಪ್ರಭೆಯ, ಅಂದರೆ ಭೂಮಿಯನ್ನು ತಲುಪುವ ಸೂರ್ಯಶಕ್ತಿಯ, ವಾರ್ಷಿಕ ಸರಣಿಯನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಉಪಗ್ರಹಗಳ ಅಖಂಡ ಅಳತೆ ಸಿಗುತ್ತಿದ್ದುದು 1978ರ ನವೆಂಬರ್‌ನಿಂದ ಈಚೆಗೆ ಮಾತ್ರ. ಅದರ ಹಿಂದಿನದನ್ನೆಲ್ಲ ಸೌರಕಲೆಗಳ, ಅಂದರೆ ಸೂರ್ಯನ ಮೇಲ್ಮೈಯ ಕಪ್ಪು ಚುಕ್ಕೆಗಳ, ಎಣಿಕೆಯಿಂದಲೇ ಕಟ್ಟಬೇಕಿತ್ತು. ಕಲೆಗಳು ಬೆಳಕನ್ನು ತಗ್ಗಿಸುತ್ತವೆ, ಅವುಗಳ ಸುತ್ತ ಹರಡುವ ಫ್ಯಾಕ್ಯುಲಾಗಳೆಂಬ ಹೊಳಪಿನ ಪಟ್ಟೆಗಳು ಹೆಚ್ಚಿಸುತ್ತವೆ. ಇಡೀ ವರ್ಷದ ಲೆಕ್ಕದಲ್ಲಿ ಫ್ಯಾಕ್ಯುಲಾಗಳದೇ ಮೇಲುಗೈಯಾಗುವುದರಿಂದ, ಕಲೆಗಳು ಹೆಚ್ಚಿರುವ ವರ್ಷಗಳಲ್ಲಿ ಸೂರ್ಯ ಚದರ ಮೀಟರಿಗೆ ಸುಮಾರು 1 ವ್ಯಾಟ್‌ನಷ್ಟು ಹೆಚ್ಚು ಪ್ರಭೆಯಿಂದಿರುತ್ತಾನೆ. ಒಟ್ಟು 1361 ವ್ಯಾಟ್‌ನಲ್ಲಿ ಇದು ಶೇಕಡಾ 0.1ಕ್ಕಿಂತ ತುಸು ಕಡಿಮೆ.

ಉಪಗ್ರಹಯುಗದ ಅಳತೆಗಳಿಗೆ ಹೊಂದುವ ಗುಣಾಂಕಗಳನ್ನು ಕಂಡುಕೊಂಡು, ಕಲೆಗಳ ಹಳೆಯ ಎಣಿಕೆಯ ಸರಣಿಯನ್ನು ಹಾಗೆಯೇ ಬಳಸಿದೆ. ಇಪ್ಪತ್ತನೆಯ ಶತಮಾನದ ನಡುವೆ ಪ್ರಭೆ ಮೆಟ್ಟಿಲಿನಂತೆ ಏರಿದ್ದು ಕಂಡಿತು, ಅದನ್ನು ಸೂರ್ಯನದೇ ಏರಿಕೆಯೆಂದು ನಂಬಿ ಕೆಲವು ವಾರ ಮುಂದುವರಿದೆ. ಬಳಿಕ ಗ್ರೀನಿಚ್‌ ವೀಕ್ಷಣಾಲಯದ ಛಾಯಾಚಿತ್ರಗಳಿಂದ ಅಳೆದ ಕಲೆಗಳ ವಿಸ್ತೀರ್ಣದೊಂದಿಗೆ ಎಣಿಕೆಯನ್ನು ಹೋಲಿಸಿದಾಗ, 1947ರ ಸುಮಾರಿಗೆ ಎಣಿಕೆ ಮಾತ್ರ ಜಿಗಿದಿತ್ತು, ವಿಸ್ತೀರ್ಣ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲ. ದೊಡ್ಡ ಕಲೆಗಳನ್ನು ಒಂದಕ್ಕಿಂತ ಹೆಚ್ಚಾಗಿ ಲೆಕ್ಕಿಸುವ ಕ್ರಮದ ಪರಿಣಾಮವದು. 2015ರಲ್ಲಿ ಪ್ರಕಟವಾದ ಪರಿಷ್ಕೃತ ಸರಣಿಯಲ್ಲಿ ಈ ದೋಷ ತಿದ್ದಲಾಗಿತ್ತು. ಅದರಲ್ಲಿ ಎಣಿಕೆಯನ್ನು ಹಿಂದಿನ ವೀಕ್ಷಕರ ಮಟ್ಟಕ್ಕೆ ತರಲು ಬಳಸುತ್ತಿದ್ದ ಹಳೆಯ 0.6ರ ಗುಣಕವನ್ನೂ ಕೈಬಿಟ್ಟಿದ್ದರಿಂದ ನಾನು ಗುಣಾಂಕಗಳನ್ನೆಲ್ಲ ಮೊದಲಿನಿಂದ ಲೆಕ್ಕ ಹಾಕಬೇಕಾಯಿತು. ಮೆಟ್ಟಿಲು ಬಹುಮಟ್ಟಿಗೆ ಕರಗಿತು.

ನಿಜವಾದ ಕಷ್ಟವಿದ್ದದ್ದು 1645ರಿಂದ 1715ರವರೆಗಿನ ಮೌಂಡರ್ ಕನಿಷ್ಠದಲ್ಲಿ. ಆಗ ಕಲೆಗಳು ಅತಿ ವಿರಳವಾಗಿದ್ದುದರಿಂದ ನನ್ನ ಸೂತ್ರ ಬಹುತೇಕ ಸಪಾಟಾದ ಗೆರೆಯನ್ನು ಎಳೆಯುತ್ತಿತ್ತು. ಆದರೆ ಸೂರ್ಯನ ಕಾಂತಬಲ ಕುಗ್ಗಿದಾಗ ಭೂಮಿಗೆ ಹೆಚ್ಚು ಬರುವ ವಿಶ್ವಕಿರಣಗಳಿಂದ ವಾತಾವರಣದಲ್ಲಿ ಹುಟ್ಟಿ ಧ್ರುವ ಪ್ರದೇಶದ ಹಿಮಪದರಗಳಲ್ಲಿ ಉಳಿದಿರುವ ಬೆರಿಲಿಯಂ-10, ಆ ಕಾಲದಲ್ಲೂ ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಏರಿಳಿಯುವ ಸೂರ್ಯನ ಕಾಂತಚಕ್ರ ನಿಂತಿರಲಿಲ್ಲವೆಂದು ಹೇಳುತ್ತದೆ. ಕಲೆಯಿಲ್ಲದ ಸೂರ್ಯನ ಮೇಲೂ ಹರಡಿರುವ ದುರ್ಬಲ ಕಾಂತಕ್ಷೇತ್ರ ಎಷ್ಟು ಕುಗ್ಗಿತ್ತೆಂಬುದೇ ಪ್ರಶ್ನೆ. ಕೆಲವೇ ಚಕ್ರಗಳ ಉಪಗ್ರಹ ದಾಖಲೆ, ಅದೂ ಬೇರೆ ಬೇರೆ ಮಟ್ಟ ತೋರಿಸುವ ಉಪಕರಣಗಳನ್ನು ಜೋಡಿಸಿದ್ದು, ಇದನ್ನು ನಿರ್ಣಯಿಸಲಾರದು. ಹಾಗಾಗಿ ಒಂದೇ ಗೆರೆ ಕೊಡುವುದು ಸರಿಯಲ್ಲವೆಂದು ನನಗೆ ದೃಢವಾಯಿತು.

ಕೊನೆಗೆ ಈ ಹಿನ್ನೆಲೆ ಕಾಂತಕ್ಷೇತ್ರದ ಬದಲಾವಣೆ ಕಡಿಮೆಯಿರುವ ಒಂದು, ಹೆಚ್ಚಿರುವ ಇನ್ನೊಂದು, ಹೀಗೆ ಎರಡು ಸರಣಿಗಳನ್ನು ಕೊಟ್ಟೆ. ಭೂಮಿ ಗೋಳವಾಗಿರುವುದರಿಂದ ನಾಲ್ಕರಿಂದ ಭಾಗಿಸಿ, ಪ್ರತಿಫಲಿಸಿ ಹೋಗುವ ಶೇಕಡಾ 30ರಷ್ಟನ್ನು ಕಳೆದರೆ 1 ವ್ಯಾಟ್‌ನ ವ್ಯತ್ಯಾಸ ಸುಮಾರು 0.18 ವ್ಯಾಟ್‌ಗೆ ಇಳಿಯುತ್ತದೆಂಬ ಲೆಕ್ಕವನ್ನೂ ಜೊತೆಗಿಟ್ಟೆ.