ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ತಂಡಕ್ಕೆ ಒದಗುವ ಸದಸ್ಯರಾಗಲು

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟನ್ನು ಸಾಮಾನ್ಯವಾಗಿ ನಾಲ್ವರು ಸೇರಿ ಮಾಡುತ್ತಾರೆ. ವರದಿ ಒಂದೇ ಆದರೂ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪ್ರಶ್ನೆಗಳು ಒಬ್ಬೊಬ್ಬರಿಗೂ ಬರುತ್ತವೆ. ತಂಡ ಸೊರಗಿದಾಗ ಯಾರೋ ಒಬ್ಬರನ್ನು ಸೋಮಾರಿಯೆನ್ನುವುದು ಸುಲಭ. ಆದರೆ ಹಗ್ಗ ಎಳೆಯುವವರ ಸಂಖ್ಯೆ ಹೆಚ್ಚಿದಂತೆ ತಲಾ ಬಲ ಕುಗ್ಗುತ್ತದೆಂದು 1913ರಲ್ಲಿ ಪ್ರಕಟಿಸಿದ ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್, ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದನ್ನೇ ಅದಕ್ಕೆ ಮುಖ್ಯ ಕಾರಣವೆಂದು ಕಂಡಿದ್ದರು. ಪ್ರಾಜೆಕ್ಟುಗಳಲ್ಲೂ ಹೊಂದಾಣಿಕೆಯ ಕೊರತೆಯೇ ಎಷ್ಟೋ ಸಲ ಸೋಮಾರಿತನದಂತೆ ಕಾಣುತ್ತದೆ.

ಆದ್ದರಿಂದ ಕೆಲಸ ಹಂಚಿಕೊಳ್ಳುವಾಗ ನಿಮ್ಮ ಭಾಗ ಯಾವುದೆಂದು ತಿಳಿದರೆ ಸಾಲದು. ಅದು ಪಕ್ಕದವರ ಭಾಗವನ್ನು ಎಲ್ಲಿ ಕೂಡುತ್ತದೆ ಎಂಬುದನ್ನೂ ಮೊದಲೇ ಬರೆದಿಡಬೇಕು. ನಮ್ಮ ಕಾಲೇಜುಗಳಲ್ಲಿ ಪ್ರತಿ ವರ್ಷವೂ ತಪ್ಪದೆ ಕಾಣಿಸಿಕೊಳ್ಳುವ ಸ್ವಯಂಚಾಲಿತ ನೀರಾವರಿ ಪ್ರಾಜೆಕ್ಟನ್ನೇ ನೋಡಿ. ಆರ್ಡುಯಿನೊ ಊನೊ ಎಂಬ ಪುಟ್ಟ ನಿಯಂತ್ರಕ ಬೋರ್ಡು ಸೆನ್ಸರಿನಿಂದ ಬರುವ ತೇವಾಂಶದ ಅಳತೆಯನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ, ಮತ್ತು ಪೇಟೆಯಲ್ಲಿ ಸಿಗುವ ಕೆಪಾಸಿಟಿವ್ ಸೆನ್ಸರುಗಳಲ್ಲಿ ಸಾಮಾನ್ಯವಾಗಿ ಮಣ್ಣು ಒಣಗಿದಷ್ಟೂ ಆ ಸಂಖ್ಯೆ ಏರುತ್ತದೆ. ಹಾರ್ಡ್‌ವೇರ್ ನೋಡಿಕೊಳ್ಳುವವರು ಇದನ್ನು ಹೇಳದಿದ್ದರೆ, ಆ್ಯಪ್ ಬರೆಯುವವರು ದೊಡ್ಡ ಸಂಖ್ಯೆಯೆಂದರೆ ಹೆಚ್ಚು ತೇವವೆಂದು ಭಾವಿಸಿ, ನೆಲ ಒದ್ದೆಯಿದ್ದಾಗಲೇ ಪಂಪ್ ಓಡಿಸುವ ಪ್ರೋಗ್ರಾಂ ಬರೆದುಬಿಡುತ್ತಾರೆ. ಇಬ್ಬರೂ ದುಡಿದಿರುತ್ತಾರೆ, ಪ್ರಾಜೆಕ್ಟ್ ಮಾತ್ರ ನಡೆಯುವುದಿಲ್ಲ. ಇದನ್ನು ತಪ್ಪಿಸಲು ಅರ್ಧ ಪುಟದ ಟಿಪ್ಪಣಿ ಮತ್ತು ಮೊದಲ ರಿವ್ಯೂಗೆ ಮುಂಚೆಯೇ ಎರಡೂ ಭಾಗಗಳನ್ನು ಒಮ್ಮೆ ಜೋಡಿಸಿ ನೋಡುವ ಅಭ್ಯಾಸ ಸಾಕು.

ಕೆಲಸ ತಡವಾಗುವುದಾದರೆ ಗಡುವಿನ ದಿನವಲ್ಲ, ತಡವಾಗಬಹುದೆಂದು ಅನುಮಾನ ಬಂದ ದಿನವೇ ತಿಳಿಸಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಆಗ್ತಾ ಇದೆ’ ಎಂದು ಬರೆಯುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಎಷ್ಟು ಮುಗಿದಿದೆ, ಎಲ್ಲಿ ಸಿಕ್ಕಿಕೊಂಡಿದೆ ಎಂದು ಬರೆದರೆ ಉಳಿದವರು ಕೈಜೋಡಿಸಬಲ್ಲರು.

ವರದಿ ಬರೆಯುವುದನ್ನು ಕೋಡಿಂಗ್ ಬಾರದವರ ಪಾಲಿಗೆ ತಳ್ಳುವ ರೂಢಿ ನನ್ನ ದೃಷ್ಟಿಯಲ್ಲಿ ತಪ್ಪು. ಪ್ರತಿಯೊಬ್ಬರೂ ತಮ್ಮ ಭಾಗದ ಕರಡನ್ನು ತಾವೇ ಬರೆಯಲಿ, ಒಬ್ಬರು ಅದನ್ನು ಹೊಂದಿಸಲಿ. ವೈವಾಕ್ಕೆ ಒಂದು ವಾರ ಮುಂಚೆ ಭಾಗಗಳನ್ನು ಅದಲುಬದಲು ಮಾಡಿ, ಆ್ಯಪ್ ಬರೆದವರು ಸೆನ್ಸರನ್ನೂ ಸೆನ್ಸರ್ ಜೋಡಿಸಿದವರು ಆ್ಯಪನ್ನೂ ಗೆಳೆಯರೆದುರು ವಿವರಿಸಬೇಕು. ತಡವರಿಸಿದ ಕಡೆಯಲ್ಲೆಲ್ಲ ಆ ಭಾಗ ಮಾಡಿದವರೇ ಕುಳಿತು ಹೇಳಿಕೊಡಬೇಕು.